ಮಿಲ್ಲಿನ್ಯಾಗ ಬರ್ತಿತ್ತು, ಪರೀಕ್ಷೆ ಹಾಲ್‌ನ್ಯಾಗ ಬರಲಿಲ್ಲ

ಗಂಗಾವತಿ ಕಡೆ ಹುಡುಗ, ಸೆಕೆಂಡ್ ಪಿಯು ಆರ್ಟ್ಸ್, ಅವರವ್ವನ ಜೊತಿ ನನ್ನ ಹತ್ರ ಸಲಹೆ ಕೇಳಾಕ ಬಂದಿದ್ದ. ಗುರುತು ಸಿಗದಂಗ ಒಂದಿಷ್ಟು ಬದಲು ಮಾಡೀನಿ, ತಾಯಿ ಮಗ ಇಬ್ಬರನ್ನೂ ಕೇಳೇ ಬರಿಯಾಕತ್ತೀನಿ.

"ಮೇಡಂರೀ, ರಾತ್ರೆಲ್ಲಾ ಓದ್ತಾನ್ರಿ, ಅವರಪ್ಪ ಕೇಳಿದ್ರ ಪಟಪಟ ಹೇಳ್ತಾನ, ಟೆಸ್ಟಿಗೆ ಕುಂತ್ರ ಏನೂ ನೆನಪಾಗಂಗಿಲ್ಲಂತ, ಯಾರದರ ಕಣ್ಣು ಬಿದ್ದೈತೇನ್ರಿ" ಅಂದ್ರು ಅವರವ್ವ. ಅವ ತಲೆ ಎತ್ತಲಿಲ್ಲ.

ಎಲ್ಲಿ ಕುಂತು ಓದ್ತಿ ತಮ್ಮಾ ಅಂತ ಕೇಳಿದೆ. ರೈಸ್ ಮಿಲ್ಲಿನ ಕಾಟಾ ರೂಮಿನ್ಯಾಗಂತ. ಅಪ್ಪ ಅಲ್ಲಿ ರಾತ್ರಿ ವಾಚ್‌ಮನ್, ಮನಿ ಅಂದ್ರ ಒಂದ ಖೋಲಿ, ಅದ್ರಾಗ ಟಿವಿ, ಹಂಗಾಗಿ ಎರಡು ವರ್ಷದಿಂದ ಓದೋದೆಲ್ಲ ಮಿಷನ್ ಗಡಗಡ ಸಪ್ಪಳದಾಗ, ಕುದಿಸಿದ ಭತ್ತದ ವಾಸನ್ಯಾಗ, ತೌಡಿನ ಧೂಳಿಗೆ ಸೀನಕೋತ.

ತಾಳಿಕೋಟೆ ಯುದ್ಧ ಯಾವಾಗ ಆತು ಅಂದೆ. ಆನೆಗುಂದಿ ಪಕ್ಕದಾಗ ಇಟ್ಕೊಂಡು ಬೆಳೆದ ಹುಡುಗ, ಬಾಯಿ ಬಿಡಲಿಲ್ಲ. ಕಣ್ಣು ಮುಚ್ಚು, ಕಾಟಾ ರೂಮಿನ್ಯಾಗ ಕುಂತೀಯಂತ ತಿಳ್ಕೊ, ಎದ್ರಿಗೆ ಏನೈತಿ ಹೇಳು ಅಂದೆ. "ತೂಕದ ಚೀಟಿ ಚುಚ್ಚಿದ ತಂತಿ ಐತ್ರಿ... ಗ್ವಾಡಿಗೆ ಲಕ್ಷ್ಮಿ ಕ್ಯಾಲೆಂಡರ್... ನೋಟ್‌ಬುಕ್ ಮ್ಯಾಲ ತೌಡು ಬಿದ್ದಿರ್ತೈತಿ, ಊದಿ ಪುಟ ತಿರುವ್ತೀನಿ..." ಅಷ್ಟರಾಗ ತಾನ ಅಂದ, "1565 ಮೇಡಂ, ಅಳಿಯ ರಾಮರಾಯ!" ಅವರವ್ವ ನನ್ನ ಮುಖ ನೋಡಿದ್ರು, ನಾ ಏನೋ ಮಾಟ ಮಾಡಿದಂಗ.

ಮಾಟ ಏನಿಲ್ರಿ. ಕಣ್ಣು ಮುಚ್ಚಿದ್ದಕ್ಕ ಗಾಬರಿ ಇಳಿದು ನೆನಪಾಗಿದ್ರೂ ಆಗಿರಬಹುದು, ಅದನ್ನೂ ಹೇಳಿದೆ. ಆದ್ರ ಕಲಿಯೋವಾಗ ಸುತ್ತ ಇದ್ದ ಜಾಗ, ಸಪ್ಪಳ, ವಾಸನಿ ಎಲ್ಲಾ ವಿಷಯದ ಜೊತಿಗೇ ಅಂಟಿರ್ತಾವ, ಅವು ಸಿಕ್ರ ವಿಷಯಾನೂ ಬೇಗ ಸಿಗ್ತೈತಿ. 1975ರಾಗ ಗಾಡನ್ ಮತ್ತ ಬ್ಯಾಡ್ಲಿ ಅನ್ನೋರು ಸ್ಕಾಟ್ಲೆಂಡಿನ್ಯಾಗ ಡೈವರ್‌ಗಳಿಗೆ ನೀರಾಗ ಒಂದಿಷ್ಟು ಪದ, ದಂಡಿಮ್ಯಾಲ ಒಂದಿಷ್ಟು ಪದ ಕಲಿಸಿದ್ರು, ನೀರಾಗ ಕಲ್ತದ್ದು ನೀರಾಗೇ ಜಾಸ್ತಿ ನೆನಪಾತು. 2021ರಾಗ ಮತ್ತ ಮಾಡಿ ನೋಡಿದಾಗ ಹಂಗ ಬರಲಿಲ್ಲ, ಅದಕ್ಕ ನಾ ಇದೊಂದನ್ನ ಹಿಡ್ಕೊಂಡು ಸಲಹೆ ಕೊಡಂಗಿಲ್ಲ. ನನಗ ಹೆಚ್ಚು ಉಪಯೋಗ ಬಿದ್ದದ್ದು ಸ್ಮಿತ್ ಮತ್ತ ಜೊತೆಗಾರರು 1978ರಾಗ ಮಾಡಿದ್ದು: ಪದಗಳ ಒಂದ ಪಟ್ಟಿನ ಎರಡು ಬ್ಯಾರೆ ಬ್ಯಾರೆ ರೂಮಿನ್ಯಾಗ ಓದಿದವರು, ಒಂದ ರೂಮಿನ್ಯಾಗ ಎರಡು ಸಲ ಓದಿದವರಿಗಿಂತ, ಹೊಸ ಜಾಗದಾಗ ಜಾಸ್ತಿ ನೆನಪಿಟ್ಟಿದ್ರು.

ಅವರವ್ವ ಮಿಲ್ ಬಿಡಿಸ್ತೀನಿ ಅಂದ್ರು. ಬ್ಯಾಡ್ರಿ ಅಕ್ಕಾ ಅಂದೆ, ಪರೀಕ್ಷೆ ಎರಡು ತಿಂಗಳೈತಿ, ಕುಂತ ಜಾಗ ಕಿತ್ಕೊಂಡ್ರ ಹುಡುಗ ಓದೋದ ಬಿಡ್ತಾನ. ಮಿಲ್ಲಿನ್ಯಾಗ ಓದ್ಲಿ, ಅದ ಪಾಠನ ಮರುದಿನ ಗುಡಿಕಟ್ಟಿಮ್ಯಾಲ, ಲೈಬ್ರರಿಯಾಗ ಪುಸ್ತಕ ಮುಚ್ಚಿ ಬರೀಲಿ. ಮುಚ್ಚಿ ಅನ್ನೋದನ್ನ ಮೂರು ಸಲ ಹೇಳಿದೆ, ಯಾಕಂದ್ರ ಅಪ್ಪ ಕೇಳೋವಾಗ ಇವ ಓರೆಗಣ್ಣಿಲೆ ನೋಟ್ಸ್ ನೋಡ್ತಿದ್ದ, ಆಮ್ಯಾಲ ಒಪ್ಕೊಂಡ. ವಾರಕ್ಕೊಮ್ಮೆ ಕಾಲೇಜಿನ ಖಾಲಿ ಕ್ಲಾಸಿನ್ಯಾಗ ಬೆಂಚಿನ ಮ್ಯಾಲ ಗಡಿಯಾರ ಇಟ್ಕೊಂಡು ಹಳೆ ಪೇಪರ್ ಬಿಡಿಸ್ಲಿ. ಹಾಲ್‌ನ್ಯಾಗ ಮರೆತ್ರ ಕಾಟಾ ರೂಮ್ ನೆನಸ್ಕೊಳ್ಳಿ. ರಾತ್ರೆಲ್ಲಾ ಓದೋದು ಮಾತ್ರ ಬಂದ್ ಮಾಡಿಸಿದೆ, ಹನ್ನೊಂದಕ್ಕ ಮಲಗಬೇಕು.

ಪ್ರಿಪರೇಟರಿ ಮುಗಿಸಿ ಬಂದಿದ್ದ. ಮೊದಲಿನಕಿಂತ ಪರವಾಗಿಲ್ಲ, ಇಂಗ್ಲಿಷ್ ಇನ್ನೂ ಕಷ್ಟನ. "ಒಂದು ಪ್ರಶ್ನೆ ಮರೆತಿತ್ರಿ ಮೇಡಂ, ಕಣ್ಣು ಮುಚ್ಚಿ ಮಿಲ್ ನೆನಸ್ಕೊಂಡೆ, ಉತ್ತರಕಿಂತ ಮೊದ್ಲು ಅಕ್ಷೀ ಅಂತ ಸೀನು ಬಂತು, ಸೂಪರ್‌ವೈಸರ್ ಬಂದು ಮುಂದ ನಿಂತ್ರು" ಅಂತ ನಕ್ಕ.

ಉತ್ತರ ಬಂತೇನಪಾ ಅಂದೆ. ಬಂತಂತ.