ಕೇಸ್ ಚರ್ಚೆ ಎರಡೇ ನಿಮಿಷಕ್ಕೆ ಮುಗಿಯುತ್ತಿದ್ದರೆ

ಸೋಂಕು ರೋಗಗಳ ಕೇಸ್ ಚರ್ಚೆಗೆ ಕೂತರೆ ಒಬ್ಬರು ತಟ್ಟನೆ 'ಡೆಂಗಿ' ಅಂದುಬಿಡುತ್ತಾರೆ, ಉಳಿದವರು ಸುಮ್ಮನಾಗುತ್ತಾರೆ, ಏನು ಮಾಡಲಿ ಅಂತ ಕೇಳಿದ್ದೀರಿ, ಅಲ್ವಾ?

ಕೇಸನ್ನು ಪೂರ್ತಿ ಓದಿ ಹೇಳಬೇಡಿ, ಸ್ವಲ್ಪ ಸ್ವಲ್ಪವೇ ಬಿಡಿ. ನಮ್ಮ ಕಾಸರಗೋಡಿನ ಮಳೆಗಾಲದ್ದೇ ಒಂದು ಕಟ್ಟಿಕೊಳ್ಳಿ. ಬದಿಯಡ್ಕ ಕಡೆಯ ಅಡಿಕೆ ತೋಟದ ಕೆಲಸದವರು, 42 ವರ್ಷ, ನಾಲ್ಕು ದಿನದಿಂದ ಜ್ವರ, ಮೈಕೈ ನೋವು. ಇಷ್ಟಕ್ಕೇ ನಿಲ್ಲಿಸಿ. ಎಲ್ಲರೂ ಮೂರು ರೋಗಗಳ ಹೆಸರನ್ನು ಚೀಟಿಯಲ್ಲಿ ಬರೆಯಲಿ, ಮಾತು ಆಮೇಲೆ. ಬೇಗ ಉತ್ತರ ಹೇಳುವ ಆ ಗೆಳೆಯರಿಗೆ ರೋಗಿಯ ಪಾತ್ರ ಕೊಡಿ. ಕೇಳಿದ್ದಕ್ಕೆ ಮಾತ್ರ ಅವರು ಬಾಯಿ ಬಿಡಬೇಕು. ಕಾಲಲ್ಲಿ ಗಾಯ ಇದ್ದದ್ದು, ಬರಿಗಾಲಲ್ಲೇ ತೋಟದ ಕಣಿ ನೀರಿಗೆ ಇಳಿದದ್ದು ಯಾರೂ ಕೇಳದಿದ್ದರೆ ಹೊರಗೇ ಬರಬಾರದು.

ಆಮೇಲೆ ದೇಹ ಪರೀಕ್ಷೆ. ಕಣ್ಣು ಕೆಂಪಾಗಿದೆ, ಕೀವಿಲ್ಲ. ಮೀನಖಂಡ ಒತ್ತಿದರೆ ಕಿರುಚುವಷ್ಟು ನೋವು. ಇಲಿ ಜ್ವರ (ಲೆಪ್ಟೊಸ್ಪೈರೋಸಿಸ್) ಈಗ ಪಟ್ಟಿಯ ಮೇಲಕ್ಕೆ ಬರುತ್ತದೆ.

ಇಲ್ಲೇ ಜಾಸ್ತಿ ಹೊತ್ತು ಕೂರಿ. ಪ್ಲೇಟ್‌ಲೆಟ್ ಡೆಂಗಿಯಲ್ಲಿ ಮಾತ್ರವಲ್ಲ, ಇಲಿ ಜ್ವರದಲ್ಲೂ ಇಳಿಯುತ್ತದೆ. ಮೊದಲ ಕೆಲವು ದಿನ ಲೆಪ್ಟೊ ಐಜಿಎಂ, ಅಂದರೆ ಇಲಿ ಜ್ವರ ಪತ್ತೆ ಮಾಡುವ ರಕ್ತ ಪರೀಕ್ಷೆ, ನೆಗೆಟಿವ್ ಬರಬಹುದು. ಹಾಗಾದರೆ ರಿಪೋರ್ಟಿಗೆ ಕಾಯುವುದಾ, ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯಾಟಿಕ್ ಶುರು ಮಾಡುವುದಾ? ಬಲವಾದ ಅನುಮಾನ ಇದ್ದರೆ ಕಾಯಬಾರದು ಎನ್ನುವವನು ನಾನು. ಆದರೆ ಪ್ರತಿಯೊಬ್ಬರೂ ತಮ್ಮ ಕಾರಣ ಹೇಳಲೇಬೇಕು. ಸಣ್ಣ ನುಸಿ ಕಚ್ಚಿ ಬರುವ ಜ್ವರವಾದ ಸ್ಕ್ರಬ್ ಟೈಫಸ್ಸಿನ ಕಪ್ಪು ಹುಣ್ಣು ಕಂಕುಳಲ್ಲಿ, ತೊಡೆಸಂದಿಯಲ್ಲಿ ಅಡಗಿರುತ್ತದೆ, ಅಲ್ಲಿ ನೋಡಿದಿರಾ ಅಂತಲೂ ಕೇಳಿ.

ಮುಂದಿನ ಸಲಕ್ಕೆ ಮುಂಬೈಯಿಂದ ರಜೆಗೆ ಊರಿಗೆ ಬಂದವರ ಚಳಿಜ್ವರ ಇಡಿ. ಪ್ರಯಾಣದ ವಿಷಯ ಮೊದಲು ಯಾರು ಕೇಳುತ್ತಾರೆ ನೋಡಿ.