ಕೋರ್ ಆಫ್ ಆಯ್ತು, ಚೀಟಿ ಯಾರ ಕೈಲಿ?

ಪ್ರಶ್ನೆ: ಸರ್, ನನ್ನದು ಕಲಬುರಗಿ ಸೂಪರ್ ಮಾರ್ಕೆಟ್ ಹತ್ತಿರ ಫೋಟೊ ಸ್ಟುಡಿಯೊ. ಮದುವೆ ವಿಡಿಯೊಗಳನ್ನು ಇಡೋಕೆ 8 ಕೋರ್‌ನ (ಕೋರ್ ಅಂದರೆ ಪ್ರೊಸೆಸರಿನೊಳಗಿನ ಒಬ್ಬೊಬ್ಬ ಕೆಲಸಗಾರ) ಒಂದು ಮಷೀನ್ ಇದೆ. ಉಬುಂಟು 20.04 ಲಿನಕ್ಸ್, ಎನ್‌ವಿಎಂಇ ಅನ್ನೋ ವೇಗದ ನಮೂನೆಯ ಎಸ್‌ಎಸ್‌ಡಿ ಡಿಸ್ಕ್. ಕರೆಂಟ್ ಹೋದಾಗ ಇನ್ವರ್ಟರ್ ಜಾಸ್ತಿ ಹೊತ್ತು ಬರಲಿ ಅಂತ 6 ಕೋರ್ ಆಫ್ ಮಾಡುವ ಸ್ಕ್ರಿಪ್ಟ್ ಬರೆದಿದ್ದೇನೆ. ಹೋದ ವಾರ ಕಾಪಿ ನಡೆಯುತ್ತಿದ್ದಾಗಲೇ ಸ್ಕ್ರಿಪ್ಟ್ ಓಡಿತು. ಕಾಪಿ ಗಪ್ಪಂತ ನಿಂತಿತು. ಅರ್ಧ ನಿಮಿಷ ಆದ ಮೇಲೆ ತಾನೇ ಮುಂದುವರಿಯಿತು. ಲಾಗ್‌ನಲ್ಲಿ ‘ಟೈಮ್‌ಔಟ್, ಕಂಪ್ಲೀಷನ್ ಪೋಲ್ಡ್’ ಅಂತ ಬಂದಿದೆ. ಆಫ್ ಆದ ಕೋರ್‌ಗಳ ಹತ್ತಿರ ಇದ್ದ, ಡಿಸ್ಕ್‌ಗೆ ಬರೆಯಬೇಕಿದ್ದ ರೈಟ್‌ಗಳು ಹೋದವಾ? ಮದುವೆ ಮನೆಯವರಿಗೆ ಏನು ಹೇಳಲಿ?

ಉತ್ತರ: ಏನೂ ಹೇಳಬೇಡಿ, ವಿಡಿಯೊ ಕೊಡಿ. ಯಾವುದೂ ಹೋಗಿಲ್ಲ. ಆ ಲಾಗ್ ಸಾಲಿನಲ್ಲೇ ಉತ್ತರ ಇದೆ. ಡಿಸ್ಕ್ ತನ್ನ ಕೆಲಸ ಮುಗಿಸಿತ್ತು. ಮುಗಿಸಿದ್ದು ಕರ್ನಲ್‌ಗೆ, ಅಂದರೆ ಲಿನಕ್ಸ್‌ನ ತಿರುಳಿಗೆ, ಅರ್ಧ ನಿಮಿಷ ಗೊತ್ತಾಗಿರಲಿಲ್ಲ, ಅಷ್ಟೇ.

ನಮ್ಮ ಅಪ್ಪ ನೆಹರು ಗಂಜ್‌ನಲ್ಲಿ ಒಂದು ಅಡತಿ ಅಂಗಡಿಯ ಗುಮಾಸ್ತರು. ತೊಗರಿ ಸೀಜನ್‌ನಲ್ಲಿ ಅಲ್ಲಿ ನಾಲ್ಕು ಗುಮಾಸ್ತರು ಕೂರುತ್ತಿದ್ದರು, ಒಬ್ಬೊಬ್ಬರಿಗೆ ಒಂದೊಂದು ಕಿಟಕಿ. ಗುಮಾಸ್ತ ಚೀಟಿ ಬರೆದು ತಂತಿಗೆ ಚುಚ್ಚುತ್ತಿದ್ದ. ಹಮಾಲ ಚೀಟಿ ತಗೊಂಡು ಚೀಲ ಹೊತ್ತು ಗೋದಾಮಿಗೆ ಹೋಗುತ್ತಿದ್ದ. ಇಳಿಸಿ ಬಂದು, ಚೀಟಿ ಬರೆದವನ ಕಿಟಕಿಗೇ ‘ಇಳಿಸೀನ್ರಿ’ ಅಂತ ಹೇಳಬೇಕು. ಆಮೇಲೇ ರೈತನಿಗೆ ಪಟ್ಟಿ ಸಿಗೋದು.

ನಿಮ್ಮ ಮಷೀನಿನಲ್ಲೂ ಹೀಗೇ ನಡೆಯುತ್ತದೆ. ಕೋರ್ ಗುಮಾಸ್ತ, ಡಿಸ್ಕ್ ಹಮಾಲ, ಡಿಸ್ಕ್‌ಗೆ ಕೊಡುವ ರಿಕ್ವೆಸ್ಟ್ ಚೀಟಿ. ಹಿಂದೆ ಲಿನಕ್ಸ್‌ನಲ್ಲಿ ಒಂದು ಡಿಸ್ಕ್‌ಗೆ ಒಂದೇ ಸಾಲು, ಎಲ್ಲ ಕೋರ್‌ಗಳೂ ಅಲ್ಲೇ ನೂಕಾಡಬೇಕಿತ್ತು. 2014ರಲ್ಲಿ ಬಂದ 3.13 ಕರ್ನಲ್‌ನಿಂದ ಪ್ರತಿ ಕೋರ್‌ಗೂ ತನ್ನದೇ ಸಾಲು ಸಿಗುವ ವ್ಯವಸ್ಥೆ ಶುರುವಾಯಿತು. ಎನ್‌ವಿಎಂಇ ಡಿಸ್ಕ್ ಬೇರೆ ಅದಕ್ಕೇ ಹುಟ್ಟಿದ್ದು. ಎನ್‌ವಿಎಂಇ ನಿಯಮದ ಪ್ರಕಾರ ಒಂದು ಡಿಸ್ಕ್‌ಗೆ 65,535 ಸಾಲುಗಳವರೆಗೆ ಇರಬಹುದು. ನಿಮ್ಮಂಥ ಮಷೀನಿನಲ್ಲಿ ಸಾಮಾನ್ಯವಾಗಿ ಕೋರ್‌ಗೊಂದು ಸಾಲು, ಸಾಲಿಗೊಂದು ಇಂಟರಪ್ಟ್ (ಡಿಸ್ಕ್ ಕೋರ್‌ಗೆ ‘ಇಳಿಸೀನ್ರಿ’ ಅಂತ ಕೂಗುವ ಕರೆ). ಅಂದರೆ ನಾಲ್ಕು ಗುಮಾಸ್ತರ ಬದಲು ಎಂಟು.

ಈಗ ಒಬ್ಬ ಗುಮಾಸ್ತ ಎದ್ದು ಮನೆಗೆ ಹೋದ ಅನ್ನಿ. ಅವನ ತಂತಿಯಲ್ಲೇ ಉಳಿದ ಚೀಟಿಗಳದ್ದು ದೊಡ್ಡ ಸಮಸ್ಯೆ ಅಲ್ಲ. ಬೇರೆಯವನು ತಂತಿ ಸಮೇತ ಎತ್ತಿಕೊಂಡು ತನ್ನ ಮೇಜಿಗೆ ಹಾಕಿಕೊಳ್ಳುತ್ತಾನೆ. ಕರ್ನಲ್ ಕೂಡ ಇದನ್ನೇ ಮಾಡುತ್ತದೆ. ಕೋರ್ ಸತ್ತಿದೆ ಅಂತ ಖಾತ್ರಿಯಾದ ಮೇಲೆ ಅದರ ಸಾಲಿನಲ್ಲಿದ್ದ ರಿಕ್ವೆಸ್ಟ್‌ಗಳನ್ನು ಪೂರ್ತಿ ಎತ್ತಿ, ಡಿಸ್ಕ್‌ಗೆ ಕಳಿಸುವ ಪಟ್ಟಿಗೆ ಸೇರಿಸಿ ಓಡಿಸುತ್ತದೆ. ಇನ್ನು ಚೀಟಿಯನ್ನೇ ಬರೆಯದ ಮಾಲು, ಅಂದರೆ ರ‍್ಯಾಮ್‌ನಲ್ಲಿ ಕಾಯುತ್ತಿರುವ ಡೇಟಾ, ಯಾವ ಕೋರಿನ ಸ್ವಂತ ಆಸ್ತಿಯೂ ಅಲ್ಲ. ಉಳಿದ ಕೋರ್‌ಗಳು ಬರೆಯುತ್ತವೆ.

ತೊಂದರೆ ಆಗೋದು ಹಮಾಲ ಆಗಲೇ ಹೊರಟಿದ್ದರೆ. ಅವನು ಪಾಪ ನಿಯತ್ತಿನಿಂದ ಚೀಲ ಇಳಿಸಿ ಬರುತ್ತಾನೆ. ಕಿಟಕಿ ಮುಚ್ಚಿದೆ. ಅಲ್ಲೇ ನಿಲ್ಲುತ್ತಾನೆ. ಚೀಲ ಗೋದಾಮಿನಲ್ಲಿದೆ, ರೈತ ಕಟ್ಟೆಯ ಮೇಲೆ ಕೂತಿದ್ದಾನೆ, ಪಟ್ಟಿ ಇಲ್ಲ. ಕೊನೆಗೆ ಸಾಹುಕಾರರೇ ಎದ್ದು ಬಂದು ‘ಯಾಕೋ, ಇಲ್ಲೇ ನಿಂತೀದಿ?’ ಅಂದಾಗ ವಿಷಯ ಬಯಲಾಗುತ್ತದೆ. ನಿಮ್ಮ ಮಷೀನಿನ ಸಾಹುಕಾರ ಎದ್ದದ್ದು 30 ಸೆಕೆಂಡ್‌ಗೆ. ಎನ್‌ವಿಎಂಇ ಡ್ರೈವರಿನ (ಡಿಸ್ಕ್ ನಡೆಸುವ ಕರ್ನಲ್ ಭಾಗದ) ಟೈಮ್‌ಔಟ್ ಮಾಮೂಲಿಯಾಗಿ ಅಷ್ಟೇ ಇರುತ್ತದೆ. ಅವಧಿ ಮೀರಿತು ಅಂತ ಡ್ರೈವರ್ ತಾನೇ ಹೋಗಿ ಸಾಲು ನೋಡಿತು. ಉತ್ತರ ಆಗಲೇ ಬಂದು ಬಿದ್ದಿತ್ತು. ‘ಕಂಪ್ಲೀಷನ್ ಪೋಲ್ಡ್’ ಅಂದರೆ ಇದೇ.

ಇಂಟರಪ್ಟನ್ನು ಬೇರೆ ಕೋರ್‌ಗೆ ತಿರುಗಿಸಬಹುದಿತ್ತಲ್ವಾ ಅಂತ ಕೇಳುತ್ತೀರಿ. ಮಾಮೂಲಿ ಇಂಟರಪ್ಟ್ ಆಗಿದ್ದರೆ ಹಾಗೇ ಆಗುತ್ತದೆ. ಆದರೆ ಎನ್‌ವಿಎಂಇ ಸಾಲುಗಳ ಇಂಟರಪ್ಟ್‌ಗಳು ಇಂತಿಂಥ ಕೋರ್‌ಗೆ ಅಂತ ಕರ್ನಲ್ಲೇ ಹಂಚಿಟ್ಟಿರುತ್ತದೆ. ಹಂಚಿದ ಕೋರ್‌ಗಳಲ್ಲಿ ಕೊನೆಯದೂ ಹೋದರೆ ಆ ಇಂಟರಪ್ಟನ್ನೇ ಮುಚ್ಚುತ್ತದೆ.

ಇದಕ್ಕೆ ಸರಿಯಾದ ಮದ್ದು ಬಂದದ್ದು 2020ರ ಆಗಸ್ಟ್‌ನಲ್ಲಿ, 5.8 ಕರ್ನಲ್ ಜೊತೆ. ಈಗ ಕೊನೆಯ ಕೋರ್ ಹೊರಡುವ ಮೊದಲು ಆ ಸಾಲಿಗೆ ‘ಬಂದ್’ ಅಂತ ಬೋರ್ಡು ಬೀಳುತ್ತದೆ. ಹೊಸ ಚೀಟಿ ಇಲ್ಲ. ಚೀಟಿಗೆ ಬಂದವನು ಬೇರೆ ಕಿಟಕಿಗೆ ಹೋಗಬೇಕು. ಹೊರಗೆ ಹೋದ ಹಮಾಲರೆಲ್ಲ ವಾಪಸ್ ಬರುವವರೆಗೆ ಗುಮಾಸ್ತ ಕುರ್ಚಿ ಬಿಡೋ ಹಾಗಿಲ್ಲ. ಹದಿನೈದು ನಿಮಿಷದಲ್ಲಿ ಗಂಜ್‌ನ ಯಾವ ಸಾಹುಕಾರರೂ ಮಾಡುತ್ತಿದ್ದ ನಿಯಮ ಇದು. ಕರ್ನಲ್‌ಗೆ ಬರೋಕೆ ಆರು ವರ್ಷ ಹಿಡಿಯಿತು. ಬೈಯುತ್ತಿಲ್ಲ, ಅಲ್ಲಿ ಸೆಕೆಂಡಿಗೆ ಲಕ್ಷಗಟ್ಟಲೆ ಚೀಟಿ ಓಡಾಡುವಾಗ ಬೋರ್ಡು ಹಾಕೋದೂ ಸುಲಭ ಅಲ್ಲ.

ನಿಮ್ಮ ಉಬುಂಟು 20.04 ಬಂದದ್ದು ಅದೇ ವರ್ಷದ ಏಪ್ರಿಲ್‌ನಲ್ಲಿ, 5.4 ಕರ್ನಲ್ ಹಾಕಿಕೊಂಡು. ನಾಲ್ಕು ತಿಂಗಳಲ್ಲಿ ತಪ್ಪಿತು ನೋಡಿ. ಟರ್ಮಿನಲ್‌ನಲ್ಲಿ ಯುನೇಮ್, ಮೈನಸ್ ಆರ್ ಅಂತ ಹೊಡೆದರೆ ನಿಮ್ಮಲ್ಲಿರುವುದು ಯಾವುದು ಅಂತ ಗೊತ್ತಾಗುತ್ತದೆ. 22.04ಕ್ಕೆ ಹೋದರೆ 5.15 ಸಿಗುತ್ತದೆ, ಈ ಕಾಟ ಇರಲ್ಲ.

ನೀವು ಒಂದು ಒಳ್ಳೆ ಕೆಲಸ ಮಾಡಿದಿರಿ. ಅರ್ಧ ನಿಮಿಷ ಸುಮ್ನೆ ಕೂತಿರಿ. ನಾನು ಕೂತಿರಲಿಲ್ಲ. ಹಿಂದೆ ಒಂದು ಆಫೀಸಿನ ಸರ್ವರ್ ನೋಡಿಕೊಳ್ಳುತ್ತಿದ್ದಾಗ ಮೇ ತಿಂಗಳಲ್ಲಿ ಎಸಿ ಕೆಟ್ಟಿತು. ಕಲಬುರಗಿ ಬಿಸಿಲು ನಿಮಗೆ ಹೇಳಬೇಕಾ? ರೂಮಿಗೆ ಕಾಲಿಟ್ಟರೆ ಹಂಚಿನ ಮೇಲೆ ನಿಂತ ಹಾಗೆ. ಬಿಸಿ ಕಡಿಮೆಯಾಗಲಿ ಅಂತ 16ರಲ್ಲಿ 8 ಕೋರ್ ಆಫ್ ಮಾಡಿದೆ. ಬ್ಯಾಕಪ್ ನಡೆದಿತ್ತು, ಮಷೀನ್ ಹಿಡಿದು ನಿಲ್ಲಿಸಿದಂತೆ ನಿಂತಿತು. ಹದಿನೈದು ಎಣಿಸುವಷ್ಟರಲ್ಲಿ ಗಾಬರಿಯಾಗಿ ಪವರ್ ಬಟನ್ ಒತ್ತಿ ಹಿಡಿದೆ. ಡೇಟಾ ಹೋದದ್ದು ಆಗ. ರ‍್ಯಾಮ್‌ನಲ್ಲಿದ್ದದ್ದು ರ‍್ಯಾಮ್‌ನಲ್ಲೇ ಹೋಯಿತು, ಬ್ಯಾಕಪ್ ಫೈಲ್ ಅರ್ಧಂಬರ್ಧ. ರಾತ್ರಿ ಎರಡಕ್ಕೆ ಎರಡನೇ ಸಲ ಬ್ಯಾಕಪ್ ಮುಗಿದಾಗ ಅಂಗಿ ಹಿಂಡಬಹುದಿತ್ತು.

ಕೊನೆಗೆ ನಿಮ್ಮ ಸ್ಕ್ರಿಪ್ಟ್. ಅದನ್ನು ತೆಗೆದುಬಿಡಿ. ಕೆಲಸ ಇಲ್ಲದ ಕೋರ್ ತಾನೇ ನಿದ್ದೆಗೆ ಹೋಗುತ್ತದೆ. ಆಫ್ ಮಾಡಿ ಉಳಿಸುವುದು ತೀರಾ ಕಡಿಮೆ. ಪವರ್ ಸೇವರ್ ಮೋಡ್ ಹಾಕಿ, ಮಾನಿಟರ್ ಆಫ್ ಮಾಡಿ. ಇನ್ವರ್ಟರ್ ಬ್ಯಾಟರಿ ಇಳಿಯುತ್ತಾ ಬಂದರೆ ಸಿಂಕ್ ಕಮಾಂಡ್ (ಕಾಯುತ್ತಿರುವ ಡೇಟಾವನ್ನು ಡಿಸ್ಕ್‌ಗೆ ಬರೆಸುವುದು) ಹೊಡೆದು ಮಷೀನ್ ಶಟ್‌ಡೌನ್ ಮಾಡಿ. ಬರೆದ ಡೇಟಾ ರ‍್ಯಾಮ್‌ನಲ್ಲಿ 30 ಸೆಕೆಂಡ್‌ವರೆಗೆ ಆರಾಮಾಗಿ ಕೂತಿರಬಹುದು. ನೀವು ಹೆದರಬೇಕಾದದ್ದು ಅದಕ್ಕೆ.

ಪ್ರಶ್ನೆ: ಲ್ಯಾಪ್‌ಟಾಪ್ ಮುಚ್ಚಿ ಸ್ಲೀಪ್‌ಗೆ ಹಾಕಿದಾಗಲೂ ಕೋರ್‌ಗಳು ಆಫ್ ಆಗುತ್ತವಂತೆ. ಆಗ ಯಾಕೆ ಹೀಗೆ ಆಗಲ್ಲ? (ಬೀದರ್‌ನ ವಿದ್ಯಾರ್ಥಿನಿ)

ಉತ್ತರ: ಒಳ್ಳೆ ಪ್ರಶ್ನೆ, ತಂಗಿ. ಆಫ್ ಆಗುವುದು ನಿಜ, ಒಂದನ್ನು ಬಿಟ್ಟು ಉಳಿದವೆಲ್ಲ. ಆದರೆ ಕ್ರಮ ಬೇರೆ. ಮೊದಲು ಪ್ರೋಗ್ರಾಮ್‌ಗಳನ್ನು ನಿಲ್ಲಿಸುತ್ತದೆ, ಆಮೇಲೆ ಡಿಸ್ಕ್ ಮೊದಲಾದ ಸಾಧನಗಳನ್ನು ಮಲಗಿಸುತ್ತದೆ, ಕೋರ್‌ಗಳ ಸರದಿ ಕೊನೆಗೆ. ಅಂಗಡಿ ಬಾಗಿಲು ಹಾಕಿದ ಮೇಲೆ ಗುಮಾಸ್ತರು ಮನೆಗೆ ಹೋದ ಹಾಗೆ.

ಪ್ರಶ್ನೆ: ನನ್ನದು ಹಳೇ ಸಾಟಾ ಎಸ್‌ಎಸ್‌ಡಿ. ನನಗೂ ಈ ತೊಂದರೆ ಬರುತ್ತಾ? (ಯಾದಗಿರಿಯ ಓದುಗರು)

ಉತ್ತರ: ಬರಲ್ಲ. ಸಾಟಾದಲ್ಲಿ ಇರುವುದೇ ಒಂದು ಸಾಲು, ಒಮ್ಮೆಗೆ 32 ಚೀಟಿ. ಎಲ್ಲ ಕೋರ್‌ಗಳಿಗೂ ಅದೇ ಕಿಟಕಿ. ಒಬ್ಬ ಎದ್ದು ಹೋದರೆ ಇನ್ನೊಬ್ಬ ಕೂರುತ್ತಾನೆ.