ವಿಮಾನ ನಿಲ್ದಾಣದ ತಪಾಸಣೆಗೆ ಎಂಥ ಲ್ಯಾಪ್‌ಟಾಪ್ ಚೀಲ ಅನುಕೂಲ?

ಬೆಂಗಳೂರಿನಿಂದ ಆಗಾಗ ವಿಮಾನದಲ್ಲಿ ಓಡಾಡುವ ನೀವು, ಲ್ಯಾಪ್‌ಟಾಪನ್ನು ಹೊರತೆಗೆಯದೆಯೇ ತಪಾಸಣೆ ಮುಗಿಸಬಹುದಾದ ಚೀಲವಿದೆಯೇ ಎಂದು ಕೇಳಿದ್ದೀರಿ. ಸಾಮಾನ್ಯ ಎಕ್ಸ್‌ರೇ ಯಂತ್ರದಲ್ಲಿ ಲ್ಯಾಪ್‌ಟಾಪಿನ ಬ್ಯಾಟರಿ ಮತ್ತು ಲೋಹದ ಭಾಗಗಳು ದಟ್ಟವಾಗಿ ಕಾಣಿಸಿ, ಸುತ್ತಲಿನ ವಸ್ತುಗಳನ್ನು ಮರೆಮಾಡುತ್ತವೆ. ಅದನ್ನು ಪ್ರತ್ಯೇಕ ಟ್ರೇನಲ್ಲಿ ಇಡಿಸುವುದು ಇದಕ್ಕಾಗಿಯೇ. ಅಮೆರಿಕದ ಸಾರಿಗೆ ಭದ್ರತಾ ಆಡಳಿತವು 2008ರಲ್ಲಿ, ಪುಸ್ತಕದಂತೆ ಪೂರ್ತಿ ಬಿಚ್ಚಿಕೊಳ್ಳುವ, ಲ್ಯಾಪ್‌ಟಾಪಿನ ಮೇಲಾಗಲಿ ಕೆಳಗಾಗಲಿ ಲೋಹದ ಜಿಪ್ಪು, ಬಕಲ್, ಜೇಬುಗಳಿಲ್ಲದ ಚೀಲಗಳಿಗೆ ವಿನಾಯಿತಿ ನೀಡಿತು. ಆದರೆ ನಮ್ಮಲ್ಲಿ ಸಿಐಎಸ್‌ಎಫ್ ಸಿಬ್ಬಂದಿ ಸಾಮಾನ್ಯವಾಗಿ ಲ್ಯಾಪ್‌ಟಾಪನ್ನು ಹೊರತೆಗೆಯಲು ಹೇಳುವುದರಿಂದ, ಅಂಥ ಚೀಲಕ್ಕೆ ಹೆಚ್ಚು ಹಣ ಕೊಡುವುದು ನನ್ನ ಮಟ್ಟಿಗೆ ವ್ಯರ್ಥ.

ಬದಲಿಗೆ, ಲ್ಯಾಪ್‌ಟಾಪಿಗೆಂದೇ ಬೆನ್ನಿನ ಕಡೆ ಪ್ರತ್ಯೇಕ ಜಿಪ್ಪಿರುವ, ಉಳಿದ ಸಾಮಾನು ಕದಲಿಸದೆ ಒಂದೇ ಕೈಯಲ್ಲಿ ಎಳೆದು ತೆಗೆಯಬಹುದಾದ ಚೀಲವನ್ನು ಕೊಳ್ಳಿ. ಕವಚ ಬೇಕೆನಿಸಿದರೆ ತೆಳುವಾದ, ತುಸು ಸಡಿಲವಾದುದು ಸಾಕು. ಬಿಗಿಯಾದ ಕವಚದಿಂದ ಲ್ಯಾಪ್‌ಟಾಪ್ ಬಿಡಿಸುತ್ತ ನಿಂತರೆ ಹಿಂದಿನ ಸಾಲು ಗೊಣಗುತ್ತದೆ. ಪವರ್‌ಬ್ಯಾಂಕನ್ನು ಚೆಕ್-ಇನ್ ಸಾಮಾನಿನಲ್ಲಿ ಹಾಕುವಂತಿಲ್ಲವಾದ್ದರಿಂದ, ಅದಕ್ಕೂ ಚಾರ್ಜರಿಗೂ ಸುಲಭವಾಗಿ ಕೈಗೆಟಕುವ ಜೇಬೊಂದು ಇರಲಿ. ಟ್ರೇಗಳಲ್ಲಿ ಒಂದೇ ಬಗೆಯ ಲ್ಯಾಪ್‌ಟಾಪುಗಳು ಅದಲುಬದಲಾಗುವುದುಂಟು, ನಿಮ್ಮದಕ್ಕೆ ಗುರುತಿನ ಚೀಟಿಯೊಂದನ್ನು ಅಂಟಿಸಿಡಿ.